ಪೊರೆ ತೆಗೆದರಷ್ಟೇ ಸಾಕೆ?

ಭರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಮಹಾರಾಷ್ಟ್ರದಿಂದಲೂ ಭಕ್ತರು ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಭಂಡಾರ ಹಾರಿಸುತ್ತಾರೆ. ಇಂಥ ಸಂದಣಿಯಲ್ಲಿ ಮೊಮ್ಮಕ್ಕಳ ಕೈಹಿಡಿದು ನಡೆಯುವ ಹಿರಿಯರಲ್ಲಿ, "ಪರೆ ಬಂದದ, ಬಲೀಲಿ, ಆಮ್ಯಾಲ ತೆಗಸೋಣು" ಎನ್ನುವವರು ಇಂದಿಗೂ ಸಿಗುತ್ತಾರೆ. ಈ ಕಾಯುವಿಕೆಗೂ ಒಂದು ಇತಿಹಾಸವಿದೆ.

ಮಬ್ಬಾದ ಮಸೂರವನ್ನು ಶಲಾಕೆಯಿಂದ ಪಕ್ಕಕ್ಕೆ ಸರಿಸುವ ವಿಧಾನವನ್ನು ಸುಶ್ರುತ ಸಂಹಿತೆ ಹೇಳಿತ್ತು. ಅದನ್ನು ಹೊರತೆಗೆಯುವ ಕ್ರಮಕ್ಕೆ 1747ರಲ್ಲಿ ನಾಂದಿ ಹಾಡಿದವರು ಫ್ರಾನ್ಸಿನ ಜಾಕ್ ದಾವಿಯೆಲ್. ಪೊರೆ ಬಲಿತಷ್ಟೂ ತೆಗೆಯುವುದು ಸುಲಭವಾಗಿದ್ದ ಕಾಲ ಅದು. ನಮ್ಮ ಬೀಳಗಿಯವರಾದ ಡಾ. ಎಂ.ಸಿ. ಮೋದಿ 1943ರಿಂದ ಹಳ್ಳಿಹಳ್ಳಿಗಳಲ್ಲಿ ನೇತ್ರ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು. 2005ರಲ್ಲಿ ನಿಧನರಾದ ಅವರನ್ನು ಉತ್ತರ ಕರ್ನಾಟಕ ಇಂದಿಗೂ ನೆನೆಯುತ್ತದೆ.

ಆದರೆ ಕುರುಡುತನಕ್ಕೆ ಪೊರೆಯೊಂದೇ ಕಾರಣವಲ್ಲ. ಕಣ್ಣೊಳಗಿನ ದ್ರವ ಹರಿದುಹೋಗುವ ಸೋಸುಜಾಲ ಕಟ್ಟಿಕೊಂಡರೆ ಒತ್ತಡ ಏರಿ ದೃಷ್ಟಿನರ ಸೊರಗುತ್ತದೆ. ಇದೇ ಗ್ಲಾಕೋಮಾ. ಪೊರೆಯಿಂದ ಹೋದ ನೋಟ ಮರಳಿ ಬಂದೀತು. ಗ್ಲಾಕೋಮಾದಿಂದ ಹೋದದ್ದು ಬಾರದು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ಕರ್ನಲ್ ಎಲಿಯಟ್, 1909ರ ಹೊತ್ತಿಗೇ ಕಣ್ಣಿನ ಅಂಚಿನಲ್ಲಿ ಪುಟ್ಟ ರಂಧ್ರ ಕೊರೆದು ಒತ್ತಡ ಇಳಿಸುವ ವಿಧಾನವನ್ನು ರೂಢಿಗೆ ತಂದಿದ್ದರು. 1968ರಲ್ಲಿ ಇಂಗ್ಲೆಂಡಿನ ಜಾನ್ ಕೇರ್ನ್ಸ್ ವಿವರಿಸಿದ ಟ್ರಬೆಕ್ಯುಲೆಕ್ಟಮಿ ಇನ್ನಷ್ಟು ಸುರಕ್ಷಿತವಾಗಿ ಅದೇ ಕೆಲಸ ಮಾಡಿತು. ಆದರೂ ಅದು ದೊಡ್ಡ ಶಸ್ತ್ರಕ್ರಿಯೆಯೇ.

ಎರಡೂ ರೋಗ ಒಂದೇ ಕಣ್ಣಿನಲ್ಲಿದ್ದರೆ? ಇಲ್ಲಿ ಹೊಸ ಹಾದಿ ತೆರೆಯಿತು. ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಆರಂಭಿಸಿದ ಫೇಕೋ ವಿಧಾನದಲ್ಲಿ ಪೊರೆಯನ್ನು ಸಣ್ಣ ರಂಧ್ರದಿಂದಲೇ ಪುಡಿಮಾಡಿ ಹೀರಿ ತೆಗೆಯುತ್ತಾರೆ. ಅದೇ ರಂಧ್ರದ ಮೂಲಕ, ಸುಮಾರು ಒಂದು ಮಿಲಿಮೀಟರ್ ಉದ್ದದ ಟೈಟಾನಿಯಂ ನಳಿಗೆಯನ್ನು ಸೋಸುಜಾಲದಲ್ಲಿ ಕೂರಿಸಿ ದ್ರವಕ್ಕೆ ದಾರಿ ಬಿಡಬಹುದು. ಪೊರೆ ಶಸ್ತ್ರಕ್ರಿಯೆಯೊಂದಿಗೆ ಬಳಸಲು ಅಮೆರಿಕ ಇದಕ್ಕೆ 2012ರಲ್ಲಿ ಅನುಮತಿ ಕೊಟ್ಟಿತು. ಒಂದೇ ಸಲಕ್ಕೆ ಎರಡು ಕೆಲಸ. ಹನಿಮದ್ದಿನ ಅವಲಂಬನೆಯೂ ಕಡಿಮೆಯಾದೀತು. ಆದರೆ ಆರಂಭದ ಅಥವಾ ಮಧ್ಯಮ ಹಂತದ ರೋಗಕ್ಕಷ್ಟೇ ಇದು ತಕ್ಕದ್ದು. ರೋಗ ಮುಂದುವರಿದಿದ್ದರೆ ಹಳೆಯ, ದೊಡ್ಡ ಶಸ್ತ್ರಕ್ರಿಯೆಯೇ ಗತಿ.

ಆದ್ದರಿಂದ "ಬಲೀಲಿ" ಎಂಬ ಮಾತಿಗೆ ಈಗ ಅರ್ಥವಿಲ್ಲ. ಪೊರೆ ಬಲಿಯಲೆಂದು ಕಾಯುವಷ್ಟರಲ್ಲಿ, ಯಾರಿಗೂ ಸುಳಿವು ಕೊಡದ ಇನ್ನೊಂದು ರೋಗ ದೃಷ್ಟಿನರವನ್ನು ಕಬಳಿಸುತ್ತಿರಬಹುದು. ಪೊರೆ ತೋರಿಸಲು ಹೋದಾಗ ಒತ್ತಡವನ್ನೂ ಅಳೆದು, ನರವನ್ನೂ ನೋಡಿ ಎಂದು ಕೇಳುವುದು ಜಾಣತನ.