ಕಿಲೋಮೀಟರಿಗೆ ನಾಲ್ಕು ನಿಮಿಷ: ಬೆಳಗಾವಿಯ ಫಡೆಪ್ಪ ಓಡಿದ ಒಲಿಂಪಿಕ್ಸ್

ನಮ್ಮ ಕೊಕಟನೂರದಾಗ ನಿಂತು ‘ದರೆಪ್ಪಾ’ ಅಂತ ಕೂಗಿದ್ರ ಯಾವುದಾದ್ರೂ ಮನೆಯಿಂದ ‘ಏನೋ?’ ಅಂತ ಉತ್ತರ ಬಂದೇ ಬರ್ತದ. ಅಷ್ಟು ನಮ್ಮದೇ ಹೆಸರದು. ಹಂಗಾಗಿ ಹಳೇ ಒಲಿಂಪಿಕ್ಸ್ ಪಟ್ಟಿಯೊಳಗ ‘ಫಡೆಪ್ಪ ದರೆಪ್ಪ ಚೌಗುಲೆ’ ಅಂತ ಓದಿದಾಗ ನಾನು ಅಲ್ಲೇ ನಿಂತೆ. ಬೆಳಗಾವಿಯವರು. ವರ್ಷ 1920.

ಕತೆ ಶುರುವಾಗೋದು ಪುಣೆಯಿಂದ. 1919ರಲ್ಲಿ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟ ನೋಡಿದವರು ದೊರಾಬ್ಜಿ ಟಾಟಾ. ಓಡ್ತಿದ್ದವರಲ್ಲಿ ಬಹಳ ಮಂದಿ ರೈತರು. ಕಾಲಿಗೆ ಬೂಟಿಲ್ಲ, ಓಟದ ನಿಯಮ ಸರಿಯಾಗಿ ಗೊತ್ತಿಲ್ಲ, ಕಲಿಸುವವರೂ ಇಲ್ಲ. ಆದರೂ ಕೆಲವರ ಸಮಯ ಯುರೋಪಿನವರ ಹತ್ತಿರ ಹತ್ತಿರ ಇತ್ತು. ಇವರನ್ನ ಒಲಿಂಪಿಕ್ಸಿಗೆ ಕಳಿಸಬೇಕು ಅಂತ ಟಾಟಾ ಪಟ್ಟು ಹಿಡಿದರು. ಮರುವರ್ಷ ಆರು ಜನರ ತಂಡ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋಯ್ತು: ನಾಲ್ಕು ಅಥ್ಲೀಟುಗಳು, ಇಬ್ಬರು ಪೈಲವಾನರು. ಭಾರತ ತಂಡ ಕಟ್ಟಿಕೊಂಡು ಒಲಿಂಪಿಕ್ಸಿಗೆ ಹೋದದ್ದು ಅದೇ ಮೊದಲು. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದೇ ಆಮೇಲೆ, 1927ರಲ್ಲಿ.

ಆಗಸ್ಟ್ 22ಕ್ಕೆ ಮ್ಯಾರಥಾನ್. ಈಗಿನ ಮ್ಯಾರಥಾನ್ 42.195 ಕಿಲೋಮೀಟರ್ ಅಲ್ಲೇನ್ರಿ? ಆಂಟ್ವರ್ಪಿನ ದಾರಿ 42.75. ಅರ್ಧ ಕಿಲೋಮೀಟರಿಗಿಂತ ಜಾಸ್ತಿನೇ ಹೆಚ್ಚು! ಒಲಿಂಪಿಕ್ಸಿನ ಇತಿಹಾಸದಾಗ ಅಷ್ಟು ಉದ್ದದ ಮ್ಯಾರಥಾನ್ ಇನ್ನೊಂದಿಲ್ಲ. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್, 2 ತಾಸು 32 ನಿಮಿಷ. ಚೌಗುಲೆ ಅವರದು 2 ತಾಸು 50 ನಿಮಿಷ 45 ಸೆಕೆಂಡು. ಹತ್ತೊಂಬತ್ತನೇ ಸ್ಥಾನ.

‘ಬರೀ ಹತ್ತೊಂಬತ್ತಾ?’ ಅಂತ ನಾನೂ ಮೊದಲು ಅಂದಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಕಿಲೋಮೀಟರಿಗೆ ಸರಿಸುಮಾರು ನಾಲ್ಕು ನಿಮಿಷ. ಅದೇ ವೇಗ ಹಿಡಿದು ಈಗಿನ ಅಳತೆಯ ಮ್ಯಾರಥಾನ್ ಓಡಿದ್ರ 2 ತಾಸು 49 ನಿಮಿಷದ ಒಳಗೇ ಮುಗೀತಿತ್ತು. ನಿಮ್ಮ ಫೋನಿನ ರನ್ನಿಂಗ್ ಆ್ಯಪ್ ತೆಗೀರಿ, ಆ ಪೇಸ್ ಇಟ್ಟು ಓಡ್ರಿ. ನಾನು ಅಥಣಿ ರಸ್ತೆಯಲ್ಲಿ ಒಂದು ಕಿಲೋಮೀಟರ್ ದಾಟಿದ್ದೇ ತಡ, ಸೊಂಟ ಹಿಡ್ಕೊಂಡು ಕುಂತೆ. ಜೆಲ್ ಇಲ್ಲ, ವಾಚ್ ಇಲ್ಲ, ಈಗಿನಂಥ ಮೆತ್ತನೆ ಶೂ ಇಲ್ಲ. ಅವರು ಹಂಗ ನಲವತ್ತೆರಡು ಕಿಲೋಮೀಟರ್ ಓಡಿದ್ರು.

1952ಕ್ಕೆ ಬರ್ರಿ. ಹೆಲ್ಸಿಂಕಿ ಒಲಿಂಪಿಕ್ಸ್. ಆವತ್ತು ಗೆದ್ದಿದ್ದ ಕೊಲೆಹ್ಮೈನೆನ್ ಅವರಿಗೆ ವಯಸ್ಸಾಗಿತ್ತು. ಆದರೂ ಅವರನ್ನ ಕರೆದು ಜ್ಯೋತಿ ಹಚ್ಚಿಸಿದರು. ಅದೇ ಹೆಲ್ಸಿಂಕಿಯಾಗ ನಮ್ಮ ಪಕ್ಕದ ಕರಾಡ ಸೀಮೆಯ ಖಾಶಾಬಾ ಜಾಧವ ಕುಸ್ತಿಯಲ್ಲಿ ಕಂಚು ಗೆದ್ದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ನಮ್ಮೂರ ಕಟ್ಟೆ ಮ್ಯಾಲೆ ಕುಂತ ಹಿರಿಯರಿಗೆ ಖಾಶಾಬಾ ಗೊತ್ತು. ಕುಸ್ತಿ ಹಿಡಿದ ಪಟ್ಟು ಸಮೇತ ಹೇಳ್ತಾರ. ‘ಮತ್ತ ಫಡೆಪ್ಪ ಚೌಗುಲೆ?’ ಅಂದೆ.

‘ಯಾವ ಊರಾಂವೋ?’ ಅಂದ್ರು.