ದೊಡ್ಡಮ್ಮನ ಅಟ್ಟದ ಪಾರಿವಾಳ

2025ರ ಆಗಸ್ಟ್‌ನಲ್ಲಿ ಮುಂಬೈನ ದಾದರ್ ಕಬೂತರ್‌ಖಾನಾಕ್ಕೆ ಪಾಲಿಕೆಯವರು ಟಾರ್ಪಾಲು ಹೊದಿಸಿದ್ದು, ಜನ ನುಗ್ಗಿ ಅದನ್ನು ಕಿತ್ತು ಹಾಕಿದ್ದು ನಿಮಗೆ ನೆನಪಿರಬಹುದು. ಆವತ್ತು ರಾತ್ರಿ ನಾನೂ ಅದನ್ನೇ ಚರ್ಚೆಗೆ ಇಟ್ಟುಕೊಂಡಿದ್ದೆ. ಒಂದು ಕಿಟಕಿಯಲ್ಲಿ ಪ್ರಾಣಿದಯೆಯವರು, ಇನ್ನೊಂದರಲ್ಲಿ ಡಾಕ್ಟರು, ಮಧ್ಯದಲ್ಲಿ ನಾನು. ಒಂದು ಗಂಟೆ ಕೂಗಾಡಿದೆವು. ಪಾರಿವಾಳದ ಬಗ್ಗೆ ಮಾತ್ರ ಯಾರಿಗೂ ಏನೂ ತಿಳಿಯಲಿಲ್ಲ.

ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ, ಮೂಡಿಗೆರೆಯಿಂದ ದೊಡ್ಡಮ್ಮನ ಫೋನು. "ಅಲ್ಲ ಮಾರಾಯ, ಮುಂಬೈ ಕಥೆ ಹಾಗಿರ್ಲಿ. ನಮ್ಮನೆ ಅಟ್ಟದಲ್ಲಿ ಎಂಟು ಪಾರಿವಾಳ ಸೇರ್ಕೊಂಡಿದಾವೆ. ನಿನ್ನ ದೊಡ್ಡಪ್ಪನಿಗೆ ಕೆಮ್ಮು ನಿಲ್ತಿಲ್ಲ. ಓಡಿಸ್ಬೇಕೋ ಬೇಡ್ವೋ, ಅದೊಂದು ಹೇಳು."

ನೋಡಿ, ಇಡೀ ರಾಜ್ಯಕ್ಕೆ ಉತ್ತರ ಹೇಳುವವನ ಹತ್ತಿರ ಅವರಿಗೆ ಕೊಡಲು ಉತ್ತರ ಇರಲಿಲ್ಲ.

ದೊಡ್ಡಮ್ಮನ ಮನೆ ಇರೋದು ಕೊಟ್ಟಿಗೆಹಾರ ದಾಟಿ ಕಳಸದ ದಾರಿಯಲ್ಲಿ. ಹಳೇ ಹೆಂಚಿನ ಮನೆ, ಪಕ್ಕದಲ್ಲಿ ಗೋದಾಮು, ಮುಂದೆ ಕಾಫಿ ಕಣ. ದಿನಾ ಬೆಳಿಗ್ಗೆ ಕಣದಲ್ಲಿ ಒಂದು ಹಿಡಿ ಅಕ್ಕಿ ಎರಚುವುದು ಅವರ ರೂಢಿ. ಕೇಳಿದರೆ ಶಿಬಿ ಚಕ್ರವರ್ತಿ ಕಥೆ ಹೇಳ್ತಾರೆ. ಪಕ್ಕದ ತೋಟದವರದ್ದು ಬೇರೆಯೇ ಮಾತು: ಪಾರಿವಾಳ ಮನೆ ಹೊಕ್ಕರೆ ಅಪಶಕುನ, ಕಪೋತ ಶಾಂತಿ ಮಾಡಿಸಿ ಅಂತ. ಇಬ್ಬರ ಬೆನ್ನಿಗೂ ಪರಂಪರೆ ಇದೆ. ಕಪೋತ ಮನೆಗೆ ಬಂದರೆ ಕೇಡಾಗದಿರಲಿ ಎಂದು ಪ್ರಾರ್ಥಿಸುವ ಸೂಕ್ತ ಋಗ್ವೇದದ ಹತ್ತನೇ ಮಂಡಲದಲ್ಲೇ ಇದೆ. ಅದೇ ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಯ್ದುಕೊಟ್ಟ ರಾಜನ ಕಥೆಯೂ ನಮ್ಮದೇ.

ಅಕ್ಕಿ ಹಾಕುವುದು ದೊಡ್ಡಮ್ಮ, ಓಡಿಸುವ ಕೆಲಸ ತೋಟದ ರೈಟರ್ ಪಾಲಿಗೆ. ಅವನು ಎರಡು ಹಕ್ಕಿ ಹಿಡಿದು, ಬುಟ್ಟಿಯಲ್ಲಿ ಹಾಕಿ, ಚಿಕ್ಕಮಗಳೂರಿಗೆ ಹೋದಾಗ ಅಲ್ಲೇ ಬಿಟ್ಟು ಬಂದನಂತೆ. ಸಂಜೆ ಅವನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಎರಡೂ ಹೆಂಚಿನ ಮೇಲೆ ಕೂತಿದ್ದವು!

ಬಾರದೆ ಇನ್ನೇನು? ಮನೆಗೆ ಮರಳುವುದು ಅದರ ರಕ್ತದಲ್ಲೇ ಇದೆ. ಅದನ್ನು ಅಲ್ಲಿಟ್ಟವರೂ ನಾವೇ. ಮೂಲದಲ್ಲಿ ಇದು ಬಂಡೆಯ ಹಕ್ಕಿ, ಕಡಿದಾದ ಕಲ್ಲಿನ ಸಂದಿಯಲ್ಲಿ ಗೂಡು ಕಟ್ಟುವಂಥದ್ದು. ಪಶ್ಚಿಮ ಏಷ್ಯಾದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದೆ ಮನುಷ್ಯ ಇದನ್ನು ಮಾಂಸಕ್ಕೆ ಸಾಕಿದ, ಆಮೇಲೆ ಆಟಕ್ಕೆ, ಆಮೇಲೆ ಟಪಾಲಿಗೆ. ಅಕ್ಬರನ ಬಳಿ 20,000ಕ್ಕೂ ಹೆಚ್ಚು ಪಾರಿವಾಳ ಇದ್ದವು ಎಂದು ಐನ್-ಇ-ಅಕ್ಬರಿ ಲೆಕ್ಕ ಕೊಡುತ್ತದೆ. ಪಾರಿವಾಳದ ಹವ್ಯಾಸಕ್ಕೆ ಅಲ್ಲಿ ಇಷ್ಕ್‌ಬಾಜಿ ಅಂತಲೇ ಹೆಸರು.

ನಮ್ಮ ಸುದ್ದಿ ಧಂಧೆಗೂ ಈ ಹಕ್ಕಿಯ ಋಣ ಇದೆ. 1850ರಲ್ಲಿ ಬರ್ಲಿನ್ ಕಡೆಯ ತಂತಿ ಆಖೆನ್‌ವರೆಗೆ, ಪ್ಯಾರಿಸ್ ಕಡೆಯದು ಬ್ರಸೆಲ್ಸ್‌ವರೆಗೆ, ನಡುವೆ ಖಾಲಿ. ಆ ಖಾಲಿ ಜಾಗದಲ್ಲಿ ಪಾರಿವಾಳ ಹಾರಿಸಿ ಷೇರುಪೇಟೆ ಸುದ್ದಿ ಸಾಗಿಸಿದ ಪಾಲ್ ಜೂಲಿಯಸ್ ರಾಯ್ಟರ್. ರೈಲಿಗೆ ಆರು ಗಂಟೆ ಮೀರುತ್ತಿದ್ದ ದಾರಿ ಹಕ್ಕಿಗೆ ಎರಡೇ ಗಂಟೆ. ಇವತ್ತಿಗೂ ನಮ್ಮ ನ್ಯೂಸ್‌ರೂಮಿನಲ್ಲಿ ಓಡುವ ರಾಯ್ಟರ್ಸ್ ಹುಟ್ಟಿದ್ದು ಹೀಗೆ. ಬ್ರೇಕಿಂಗ್ ನ್ಯೂಸ್‌ಗೆ ಮೊದಲು ರೆಕ್ಕೆ ಇತ್ತು ಸ್ವಾಮಿ.

ನಮ್ಮ ದೇಶದ್ದೇ ಉದಾಹರಣೆ ಬೇಕಾ? 1946ರಲ್ಲಿ ಒಡಿಶಾ ಪೊಲೀಸರು ಸೈನ್ಯದಿಂದ 200 ಪಾರಿವಾಳ ಪಡೆದು ಟಪಾಲು ಪಡೆಯನ್ನೇ ಕಟ್ಟಿದರು. 1948ರ ಏಪ್ರಿಲ್‌ನಲ್ಲಿ ಸಂಬಲ್‌ಪುರದಲ್ಲಿದ್ದ ಪ್ರಧಾನಿ ನೆಹರೂ ಕಟಕ್‌ನ ಅಧಿಕಾರಿಗಳಿಗೆ ಸಂದೇಶ ಕಳಿಸಿದ್ದು ಪಾರಿವಾಳದ ಕಾಲಿಗೆ ಕಟ್ಟಿ. 1999ರ ಮಹಾ ಚಂಡಮಾರುತದಲ್ಲಿ ದಾರಿ, ತಂತಿ ಎರಡೂ ಕಡಿದುಹೋದಾಗಲೂ ಈ ಹಕ್ಕಿಗಳು ಕೆಲಸಕ್ಕೆ ಬಂದವು. ಆಮೇಲೆ ಇಂಟರ್ನೆಟ್ ಬಂತು, ಪಡೆ ಮುಗೀತು.

ಅಂದರೆ ನಮ್ಮ ಬಸ್ ಸ್ಟ್ಯಾಂಡು, ದೇವಸ್ಥಾನ, ಅಪಾರ್ಟ್‌ಮೆಂಟಿನಲ್ಲಿ ಕೂತಿರುವ ಈ ಪಾರಿವಾಳ ಕಾಡಿನಿಂದ ದಾರಿ ತಪ್ಪಿ ಬಂದದ್ದಲ್ಲ. ಬಹುಪಾಲು ನಾವೇ ಸಾಕಿ, ಕೆಲಸ ತೆಗೆದುಕೊಂಡು, ಕೈಬಿಟ್ಟ ಹಕ್ಕಿಯ ಸಂತತಿ. ಅದರ ಕಣ್ಣಿಗೆ ಬೇಲೂರಿನ ಗೋಡೆಯೂ ಬಂಡೆಯೇ, ಬೆಂಗಳೂರಿನ ಎಸಿ ಡಬ್ಬದ ಸಂದಿಯೂ ಬಂಡೆಯೇ.

ಇನ್ನು ಅದರ ಸಂಸಾರ. ನೀವು ಸಾವಿರ ಪಾರಿವಾಳ ನೋಡಿರ್ತೀರಿ, ಮರಿ ನೋಡಿದ್ದೀರಾ? ಬಹಳ ಜನ ನೋಡಿರಲ್ಲ. ಎರಡು ಮೊಟ್ಟೆ, ಸುಮಾರು 18 ದಿನದ ಕಾವು. ಹಗಲು ಹೊತ್ತೇರಿದ ಮೇಲೆ ಗಂಡಿನ ಪಾಳಿ, ಸಂಜೆಯಿಂದ ಬೆಳಗಿನವರೆಗೆ ಹೆಣ್ಣಿನದು. ಮರಿಗೆ ಮೊದಲ ದಿನಗಳಲ್ಲಿ ಕಾಳು ಕೊಡೋದಿಲ್ಲ. ಅಪ್ಪ ಅಮ್ಮ ಇಬ್ಬರ ಗಂಟಲ ಚೀಲದಲ್ಲೂ ಮೊಸರಿನಂಥ ಹಾಲು ಹುಟ್ಟುತ್ತದೆ, ಅದನ್ನು ಉಣಿಸುತ್ತವೆ. ಹೌದು, ಅಪ್ಪನೂ ಹಾಲೂಡಿಸುತ್ತಾನೆ! ತಾಯಂದಿರಲ್ಲಿ ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿಗೆ ಆ ಹೆಸರು ಬಂದದ್ದು, 1930ರ ದಶಕದಲ್ಲಿ ಆಸ್ಕರ್ ರಿಡಲ್ ಇದೇ ಗಂಟಲ ಚೀಲದ ಮೇಲೆ ಮಾಡಿದ ಪ್ರಯೋಗಗಳಿಂದ. ಮರಿ ತಿಂಗಳು ಹತ್ತಿರ ಗೂಡಲ್ಲೇ ಇದ್ದು, ದೊಡ್ಡ ಹಕ್ಕಿಯಷ್ಟೇ ಆಗಿ ಹೊರಗೆ ಬರುತ್ತದೆ. ಅಷ್ಟರಲ್ಲಿ ಅಮ್ಮ ಮತ್ತೆ ಮೊಟ್ಟೆ ಇಟ್ಟಿರುತ್ತದೆ. ಹೊಟ್ಟೆಗೆ ಧಾರಾಳ ಸಿಕ್ಕಿದರೆ ವರ್ಷಪೂರ್ತಿ ಇದೇ ಕೆಲಸ.

ಆ "ಧಾರಾಳ" ಅನ್ನೋ ಪದದಲ್ಲೇ ಎಲ್ಲ ಇರೋದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಇದನ್ನು ಕಷ್ಟಪಟ್ಟು ಕಲಿಯಿತು. 1961ರಿಂದ 1985ರವರೆಗೆ ಅಲ್ಲಿ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಹಿಡಿದು, ಗುಂಡು ಹೊಡೆದು ಕೊಂದರು. ಊರಲ್ಲಿದ್ದದ್ದು ಸುಮಾರು 20,000. ಲಕ್ಷ ಕೊಂದ ಮೇಲೂ ಉಳಿದದ್ದು ಅಷ್ಟೇ! ಸತ್ತವುಗಳ ಜಾಗ, ಅನ್ನ ಎರಡೂ ಖಾಲಿ ಬಿದ್ದಿತ್ತು. ಹೊಸ ಮರಿಗಳು ಬಂದು ತುಂಬಿದವು. 1988ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಡೇನಿಯಲ್ ಹಾಗ್-ವಾಕರ್ನಾಗೆಲ್ ಬೇರೆ ದಾರಿ ಹಿಡಿದರು. ಜನರಿಗೆ ಹೇಳಿದ್ದು ಒಂದೇ: ಕಾಳು ಹಾಕಬೇಡಿ, ನೀವು ಹಾಕುವ ಕಾಳೇ ಅವನ್ನು ಕಿಷ್ಕಿಂಧೆಯಲ್ಲಿ ತುಂಬಿ ರೋಗಕ್ಕೆ ತಳ್ಳುತ್ತಿದೆ. ಜೊತೆಗೆ ಗೂಡುಮನೆ ಕಟ್ಟಿ ಅಲ್ಲಿಟ್ಟ ಮೊಟ್ಟೆ ತೆಗೆದರು. ನಾಲ್ಕೇ ವರ್ಷಗಳಲ್ಲಿ ಸಂಖ್ಯೆ ಅರ್ಧದಷ್ಟಾಯಿತು.

ದೊಡ್ಡಪ್ಪನ ಕೆಮ್ಮು ಸುಳ್ಳಲ್ಲ. ಒಣಗಿದ ಹಿಕ್ಕೆ, ಗರಿಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರ ಶ್ವಾಸಕೋಶ ಅದಕ್ಕೆ ತಿರುಗಿಬೀಳುತ್ತದೆ, ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಾಗಾದ ಭಾಗ ಮತ್ತೆ ಮೊದಲಿನಂತಾಗದು. ಚಿಕ್ಕಮಗಳೂರಿನ ಡಾಕ್ಟರು ಮೊದಲು ಕೇಳಿದ್ದೇ "ಮನೇಲಿ ಪಾರಿವಾಳ ಇದೆಯಾ?" ಅಂತ. ಆ ಪ್ರಶ್ನೆ ಕೇಳಿದ ದಿನದಿಂದ ದೊಡ್ಡಮ್ಮ ಅಕ್ಕಿ ನಿಲ್ಲಿಸಿದರು. ಶಿಬಿ ಕೊಟ್ಟದ್ದು ತನ್ನ ಮಾಂಸ, ಗಂಡನ ಎದೆಗೂಡನ್ನಲ್ಲ ಅಂತ ಅವರೇ ಅಂದರು.

ಅಟ್ಟದಲ್ಲಿ ಎರಡು ಗೂಡಿತ್ತು. ಒಂದರಲ್ಲಿ ಮರಿ, ಇನ್ನೊಂದು ಖಾಲಿ. ರೈಟರ್ ಆವತ್ತೇ ಸಂದಿ ಮುಚ್ಚುತ್ತೇನೆ ಎಂದ. ಬೇಡ ಅಂದೆ. ಮುಚ್ಚಿದರೆ ಮರಿ ಒಳಗೇ ಸತ್ತು ನಾರುತ್ತದೆ, ದೊಡ್ಡವು ಹೊರಗೆ ಬಡಿದಾಡುತ್ತವೆ. ದೊಡ್ಡಪ್ಪ ಮೂರು ವಾರ ಮಗಳ ಮನೆಗೆ ಹೋದರು. ಮರಿ ಹಾರಿದ ಮೇಲೆ, ಹೊಸ ಮೊಟ್ಟೆ ಇಲ್ಲವೆಂದು ನೋಡಿಕೊಂಡು, ಹಕ್ಕಿಗಳು ಮೇಯಲು ಹೋದ ಹೊತ್ತಲ್ಲಿ ಹೆಂಚಿನಡಿ ತಂತಿ ಬಲೆ ಹೊಡೆಸಿದರು. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಲಿಲ್ಲ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆದರು. ನಾಲ್ಕು ದಿನ ಪಾರಿವಾಳ ಸುತ್ತಿದವು. ಆಮೇಲೆ ಎಲ್ಲಿಗೋ ಹೋದವು.

ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲಿಗೆ ನಾನು ಹೋದಾಗ ಕಣ ಖಾಲಿ. ಆದರೆ ತೋಟದೊಳಗಿಂದ ಹೂಂ... ಹೂಂ ಅಂತ, ಮುಸುವ ಕೂಗಿದ ಹಾಗೆ ದಪ್ಪ ದನಿ. "ಅದೂ ಪಾರಿವಾಳವೇ ಕಣೋ, ಚಿಕ್ಕವಳಿದ್ದಾಗ ಬೇಕಾದಷ್ಟಿದ್ದವು" ಅಂದರು ದೊಡ್ಡಮ್ಮ. ಹೌದು, ಅದು ನೀಲಗಿರಿ ಮರಪಾರಿವಾಳ. ಕತ್ತಿನ ಹಿಂದೆ ಚದುರಂಗದ ಹಾಸಿನಂಥ ಕಪ್ಪು ಬಿಳುಪು. ಇದರ ಮುಖ್ಯ ನೆಲೆ ಪಶ್ಚಿಮಘಟ್ಟ. 1830ರ ದಶಕದ ಆರಂಭದಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಇದಕ್ಕೆ ಬಾಂಬೆ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ ಹೆಸರಿಟ್ಟ. ಇಡುವುದು ಒಂದೇ ಮೊಟ್ಟೆ. ಇದು ಇಂದು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ.

ಇದರ ಅನ್ನ ಕಾಡುಹಣ್ಣು. ಬಾಬಾಬುಡನ್ ತಂದರೆಂಬ ಏಳು ಬೀಜ ದೊಡ್ಡ ತೋಟಗಳಾಗಿದ್ದು ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ. ಶುರುವಿಗೆ ಕಾಡು ಬೋಳಿಸಿಯೇ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳ ಕೊಡಗು, ಮೈಸೂರು ಸೀಮೆಯ ತೋಟಗಳನ್ನು ನುಂಗಿದಾಗ ನೆರಳಿನ ಬೆಲೆ ಗೊತ್ತಾಯಿತು. ಮಂಜರಾಬಾದ್ ಕಡೆಯ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಅತ್ತಿ, ಬಸರಿ, ಗೋಣಿಯಂಥ ಮರಗಳನ್ನು ನಮ್ಮ ಹೆಸರಿನಲ್ಲೇ ಕರೆದು ನೆರಳಿಗೆ ಒಳ್ಳೆಯವೆಂದು ಬರೆದಿದ್ದಾನೆ. ಕಾಫಿಗಾಗಿ ಉಳಿದ ಆ ಮರಗಳು ಹಕ್ಕಿಯನ್ನೂ ಉಳಿಸಿದವು. ಈಗ ಅವುಗಳ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಬರುತ್ತಿದೆ. ನೆಟ್ಟಗೆ ಬೆಳೆಯುತ್ತದೆ, ಮೆಣಸು ಹಬ್ಬಿಸಬಹುದು, ಮಾರಬಹುದು. ಹಣ್ಣು ತಿನ್ನುವ ಹಕ್ಕಿಗೆ ಅದರಲ್ಲಿ ಒಂದು ತುತ್ತೂ ಇಲ್ಲ.

ದನಿ ಬರುತ್ತಿದ್ದುದು ಕೆರೆ ಪಕ್ಕದ ಬಸರಿ ಮರದಿಂದ. ಅದರ ಬುಡಕ್ಕೆ ಅಣ್ಣ ಆಗಲೇ ಸುಣ್ಣದ ಗುರುತು ಹಾಕಿದ್ದ.

"ಇದಕ್ಕೆ ಅಕ್ಕಿ ಹಾಕ್ಬೋದಾ?" ದೊಡ್ಡಮ್ಮ ಕೇಳಿದರು.

"ಇದು ಅಕ್ಕಿಗೆ ಬರಲ್ಲ ದೊಡ್ಡಮ್ಮ. ಬಸರಿ ಹಣ್ಣೇ ಆಗ್ಬೇಕು."

ಅವರು ಮಗನ ಮುಖ ನೋಡಿದರು. ಅವನು ಲೆಕ್ಕ ಹೇಳಲು ಶುರು ಮಾಡಿದ: ಈ ಮರದ ಜಾಗಕ್ಕೆ ನಾಲ್ಕು ಸಿಲ್ವರ್, ನಾಲ್ಕು ಮೆಣಸಿನ ಬಳ್ಳಿ. ದೊಡ್ಡಮ್ಮ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ, "ಮರಗಸಿ ಮಾತ್ರ ಮಾಡ್ಸಿದ್ರಾಯ್ತು, ಈ ವರ್ಷ ಇರ್ಲಿ ಬಿಡಿ" ಅಂದ.