ಪಥೇರ್ ಪಾಂಚಾಲಿ: ನಿಶ್ಚಿಂದಿಪುರದ ಒಂದು ಬಡ ಕುಟುಂಬ

ಸತ್ಯಜಿತ್ ರೇ ನಿರ್ದೇಶಿಸಿದ ಮೊದಲ ಚಿತ್ರ 'ಪಥೇರ್ ಪಾಂಚಾಲಿ' 1955ರಲ್ಲಿ ತೆರೆಕಂಡಿತು. ಭಾರತೀಯ ವಾಸ್ತವವಾದಿ ಸಿನಿಮಾದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಕಪ್ಪು-ಬಿಳುಪಿನ ಈ ಬಂಗಾಳಿ ಚಿತ್ರವೇ. ಬದುಕನ್ನು ಇದ್ದಂತೆಯೇ ಸೆರೆಹಿಡಿದಿದೆ ಎನ್ನಿಸುವ ಇದರ ಸಹಜತೆಯ ಹಿಂದೆ ದೊಡ್ಡ ಕಸುಬುದಾರಿಕೆಯಿದೆ.

ಕಥೆ

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಇದೇ ಹೆಸರಿನ ಕಾದಂಬರಿ (1929) ಚಿತ್ರಕ್ಕೆ ಆಧಾರ. ನಿಶ್ಚಿಂದಿಪುರದ ಹರಿಹರ ಪೌರೋಹಿತ್ಯದಿಂದ ಹೊಟ್ಟೆ ಹೊರೆಯುವ ಬ್ರಾಹ್ಮಣ. ನಾಟಕ ಬರೆದು ಹೆಸರು ಮಾಡುವ ಕನಸಿದೆ, ಬಾಕಿ ಸಂಬಳ ಕೇಳುವ ಧೈರ್ಯವಿಲ್ಲ. ಸಂಸಾರದ ಭಾರವೆಲ್ಲ ಹೆಂಡತಿ ಸರ್ವಜಯಾಳ ಮೇಲೆ. ಮಗಳು ದುರ್ಗಾ ನೆರೆಯ ತೋಟದ ಹಣ್ಣು ಕದ್ದು ತಂದು, ಮನೆಯಲ್ಲಿ ಆಶ್ರಯ ಪಡೆದ ಮುದುಕಿ ಇಂದಿರ್ ಠಾಕ್ರುಣ್‌ಗೆ ಕೊಡುತ್ತಾಳೆ. ತಮ್ಮ ಅಪುವಿಗೆ ಅಕ್ಕನ ಬೆನ್ನು ಹತ್ತುವುದೇ ಕೆಲಸ. ಸರ್ವಜಯಾ ಹೊರಗಟ್ಟಿದ ಮುದುಕಿ ಬಿದಿರುಮೆಳೆಯಲ್ಲಿ ಸಾಯುತ್ತಾಳೆ. ಮೊದಲ ಮಳೆಯಲ್ಲಿ ನೆನೆದ ದುರ್ಗಾ ಜ್ವರ ಹತ್ತಿ ತೀರಿಕೊಳ್ಳುತ್ತಾಳೆ. ಉಳಿದ ಮೂವರು ಊರು ಬಿಟ್ಟು ಕಾಶಿಗೆ ಹೊರಡುತ್ತಾರೆ.

ಹಿನ್ನೆಲೆ

ರೇ ಆಗ ಕಲ್ಕತ್ತಾದ ಜಾಹೀರಾತು ಸಂಸ್ಥೆಯೊಂದರಲ್ಲಿ ಕಲಾವಿದ. ಕಾದಂಬರಿಯ ಸಂಕ್ಷಿಪ್ತ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗಲೇ ಕಥೆ ಅವರನ್ನು ಹಿಡಿದಿತ್ತು. 'ದಿ ರಿವರ್' ಚಿತ್ರಕ್ಕೆ ಸ್ಥಳ ನೋಡಲು ಬಂದ ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾರ್ ಜೊತೆ ಓಡಾಡಿದರು. 1950ರಲ್ಲಿ ಲಂಡನ್ನಿನಲ್ಲಿ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ನೋಡಿದ ಮೇಲೆ, ಹೊರಾಂಗಣದಲ್ಲಿ, ಹೊಸಬರನ್ನಿಟ್ಟುಕೊಂಡೂ ಚಿತ್ರ ಮಾಡಬಹುದೆಂಬ ವಿಶ್ವಾಸ ಬಲಿಯಿತು.

ಚಿತ್ರೀಕರಣ

1952ರ ಅಕ್ಟೋಬರ್ 27ರಂದು ಬರ್ಧಮಾನ್ ಬಳಿಯ ಪಾಲ್‌ಸಿಟ್‌ನಲ್ಲಿ, ಬಿಳಿ ಹೂ ಬಿಟ್ಟ ಕಾಶ ಹುಲ್ಲಿನ ಬಯಲಿನಲ್ಲಿ ಕೆಲಸ ಶುರುವಾಯಿತು. ಮಕ್ಕಳು ರೈಲು ನೋಡುವ ಪ್ರಸಿದ್ಧ ದೃಶ್ಯದ ಜಾಗವದು. ಮುಂದಿನ ವಾರ ಹೋದರೆ ಹೂವನ್ನೆಲ್ಲ ದನಗಳು ಮೇದು ಮುಗಿಸಿದ್ದವು. ಮತ್ತೊಂದು ಹೂವಿನ ಕಾಲಕ್ಕೆ ಕಾಯಬೇಕಾಯಿತು. ಹಳ್ಳಿಯ ಭಾಗಗಳನ್ನು ಕಲ್ಕತ್ತಾ ಸಮೀಪದ ಬೊರಾಲ್‌ನಲ್ಲಿ ತೆಗೆದರು.

ಛಾಯಾಗ್ರಾಹಕ ಸುಬ್ರತ ಮಿತ್ರ ಅದುವರೆಗೆ ಮೂವಿ ಕ್ಯಾಮೆರಾ ಹಿಡಿದವರಲ್ಲ. ರೇ ತಮ್ಮ ವಿಮಾ ಪಾಲಿಸಿ, ಪತ್ನಿ ಬಿಜೊಯಾ ಅವರ ಒಡವೆ ಅಡವಿಟ್ಟರೂ ಹಣ ಸಾಲದೆ ಕೆಲಸ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರ ಪಶ್ಚಿಮ ಬಂಗಾಳ ಸರ್ಕಾರ ಕೈಹಿಡಿಯಿತು. ಇಷ್ಟರಲ್ಲಿ ಅಪುವಿನ ಧ್ವನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಇಂದಿರ್ ಪಾತ್ರ ಮಾಡಿದ ಎಂಬತ್ತರ ಚುನೀಬಾಲಾ ದೇವಿ ಬದುಕಿದ್ದರು. ಇವೇ ತಮ್ಮ ಪಾಲಿನ ಪವಾಡಗಳೆಂದು ರೇ ನೆನೆಯುತ್ತಿದ್ದರು.

ಸಹಜತೆಯ ಹಿಂದಿನ ಕಸುಬು

ಮಿಠಾಯಿ ಮಾರುವವನ ಹಿಂದೆ ಮಕ್ಕಳು, ಅವರ ಹಿಂದೆ ನಾಯಿ ಸಾಲಾಗಿ ಹೋಗುವ ದೃಶ್ಯ ಒಂದೇ ಬೆಳಗಿನದೆಂದು ತೋರುತ್ತದೆ. ನಿಜಕ್ಕೂ ಚಿತ್ರೀಕರಣ ನಿಂತ ಅವಧಿಯಲ್ಲಿ ನಾಯಿಯೂ ಮಿಠಾಯಿಯವನ ಪಾತ್ರಧಾರಿಯೂ ತೀರಿಕೊಂಡಿದ್ದರಿಂದ, ಉಳಿದದ್ದನ್ನು ಬದಲಿಗಳನ್ನಿಟ್ಟು ಮುಗಿಸಿದರು. ರಾತ್ರಿಯ ಒಳಾಂಗಣಗಳು ಸ್ಟುಡಿಯೋದವು.

ದುರ್ಗಾಳ ಸಾವು ತಿಳಿಯದೆ ಪರ ಊರಿಂದ ಮರಳಿದ ಹರಿಹರ ಮಗಳಿಗೆ ತಂದ ಸೀರೆಯನ್ನು ತೋರಿಸುತ್ತಾನೆ. ಸರ್ವಜಯಾ ಕುಸಿಯುತ್ತಾಳೆ. ಕೇಳಬೇಕಾದ ಗೋಳಿನ ಜಾಗದಲ್ಲಿ ತಾರ್ ಶಹನಾಯಿಯ ಏರುಸ್ವರವಷ್ಟೇ ಕೇಳುತ್ತದೆ. ರವಿಶಂಕರ್ ಅವರ ಸಂಗೀತದ ಬಹುಭಾಗ ಒಂದೇ ರಾತ್ರಿಯಲ್ಲಿ ಮುದ್ರಣಗೊಂಡಿತ್ತು. ಊರು ಬಿಡುವ ಮುನ್ನ ಅಪುವಿಗೆ ಅಕ್ಕ ಕದ್ದಿಟ್ಟ ಮಣಿಸರ ಸಿಗುತ್ತದೆ. ಅವನು ಅದನ್ನು ಕೊಳಕ್ಕೆಸೆಯುತ್ತಾನೆ. ಪಾಚಿ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಮಾತಿಲ್ಲದೆ ಅಕ್ಕನ ಮಾನ ಉಳಿಯುತ್ತದೆ.

ಬಿಡುಗಡೆ ಮತ್ತು ಮನ್ನಣೆ

ಮೊದಲ ಪ್ರದರ್ಶನ 1955ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆಯಿತು. ಕಲ್ಕತ್ತಾ ಬಿಡುಗಡೆ ಆಗಸ್ಟ್ 26ರಂದು. ರಾಷ್ಟ್ರಪತಿಗಳ ಸ್ವರ್ಣಪದಕ, 1956ರ ಕಾನ್ ಉತ್ಸವದಲ್ಲಿ 'ಅತ್ಯುತ್ತಮ ಮಾನವೀಯ ದಾಖಲೆ' ಪುರಸ್ಕಾರ ಬಂದವು. 'ಅಪರಾಜಿತೊ' (1956), 'ಅಪುರ್ ಸಂಸಾರ್' (1959) ಚಿತ್ರಗಳೊಂದಿಗೆ ಅಪು ತ್ರಿವಳಿ ಪೂರ್ಣವಾಯಿತು. 1993ರಲ್ಲಿ ಲಂಡನ್ನಿನ ಲ್ಯಾಬ್‌ನ ಬೆಂಕಿಯಲ್ಲಿ ಹಾನಿಗೊಂಡ ಮೂಲ ನೆಗೆಟಿವ್‌ಗಳಲ್ಲಿ ಉಳಿದದ್ದನ್ನು ಬಳಸಿ ಪುನರುಜ್ಜೀವಗೊಳಿಸಿದ ಪ್ರತಿ 2015ರಲ್ಲಿ ಹೊರಬಂತು.

ಆಕ್ಷೇಪ

ರೇ ಭಾರತದ ಬಡತನವನ್ನು ವಿದೇಶಕ್ಕೆ ರಫ್ತು ಮಾಡುತ್ತಾರೆಂದು ರಾಜ್ಯಸಭಾ ಸದಸ್ಯೆಯಾಗಿದ್ದ ನಟಿ ನರ್ಗಿಸ್ 1980ರಲ್ಲಿ ದೂರಿದ್ದರು. ಉತ್ತರ ಸರ್ವಜಯಾಳ ಪಾತ್ರದಲ್ಲೇ ಇದೆ. ಹಸಿದ ಮುದುಕಿಯನ್ನು ಹೊರದಬ್ಬುವವಳೂ ಮಗಳಿಗಾಗಿ ಎದೆಯೊಡೆದು ಅಳುವವಳೂ ಅವಳೇ. ಬಡವರ ಸಣ್ಣತನವನ್ನೂ ಮುಚ್ಚಿಡದ ಚಿತ್ರ ಕರುಣೆಯ ವ್ಯಾಪಾರ ಮಾಡಿತು ಎನ್ನುವ ಮಾತು ನಿಲ್ಲುವುದಿಲ್ಲ.